ಹಾರ್ಮೋನ್ ಚಿಕಿತ್ಸೆ: ಅರವತ್ಮೂರರ ಉತ್ತರ, ಐವತ್ತರ ಪ್ರಶ್ನೆ

1999ರಲ್ಲಿ ಅಮೆರಿಕದಲ್ಲಿ ಮುಟ್ಟು ನಿಂತ ಹೆಂಗಸರಲ್ಲಿ ನೂರಕ್ಕೆ ಸುಮಾರು 27 ಮಂದಿ ಹಾರ್ಮೋನ್ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದರು. 2020ರ ಹೊತ್ತಿಗೆ ಅದು ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಈ ಇಪ್ಪತ್ತು ವರ್ಷದಲ್ಲಿ ಮೆನೋಪಾಸಿನ, ಅಂದರೆ ಮುಟ್ಟು ನಿಲ್ಲುವ ಕಾಲದ, ತೊಂದರೆಗಳೇನೂ ಕಡಿಮೆಯಾಗಲಿಲ್ಲ. ನಡುರಾತ್ರಿ ಬೆವರಿ ಎಚ್ಚರಾಗುವುದು ತಪ್ಪಲಿಲ್ಲ. ಔಷಧಗಳೂ ಅಂಗಡಿಯಿಂದ ಮಾಯವಾಗಲಿಲ್ಲ. ನಿಜ ಹೇಳಬೇಕೆಂದರೆ ಮೊದಲಿಗಿಂತ ಜಾಸ್ತಿ ಬಗೆಯ ಪ್ಯಾಚು, ಜೆಲ್ಲು, ಮಾತ್ರೆ ಬಂದವು. ಆದರೂ ಬಳಕೆ ಹೀಗೆ ಬಿದ್ದುಹೋಯಿತು. ಅದಕ್ಕೆ ಮುಖ್ಯ ಕಾರಣ 2002ರ ಜುಲೈನಲ್ಲಿ ಹೊರಬಿದ್ದ ಒಂದೇ ಒಂದು ಅಧ್ಯಯನ.

ಆ ಅಧ್ಯಯನ ಸುಳ್ಳಾಗಿತ್ತೇ? ಇಲ್ಲ. ಇಂದಿಗೂ ಈ ವಿಷಯದಲ್ಲಿ ಅದಕ್ಕಿಂತ ದೊಡ್ಡ, ಅದಕ್ಕಿಂತ ಅಚ್ಚುಕಟ್ಟಾದ ಪ್ರಯೋಗ ನಡೆದಿಲ್ಲ. ತೊಡಕು ಇರುವುದು ಬೇರೆ ಕಡೆ. ಆ ಪ್ರಯೋಗ ಕೇಳಿದ ಪ್ರಶ್ನೆ ಒಂದು, ವೈದ್ಯರ ಮುಂದೆ ಕುಳಿತ ಹೆಂಗಸು ಕೇಳುವ ಪ್ರಶ್ನೆ ಇನ್ನೊಂದು. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಅಂಟಿಸಿದರು. ಆಮೇಲೆ ಅದನ್ನು ಬಿಡಿಸಲು ಎರಡು ದಶಕ ಬೇಕಾಯಿತು. ಹಾರ್ಮೋನ್ ಚಿಕಿತ್ಸೆಯ ಚರಿತ್ರೆಯಲ್ಲಿ ಇದು ಒಮ್ಮೆ ಮಾತ್ರ ಆದದ್ದೂ ಅಲ್ಲ. ಮೇಲೇರಿದಾಗಲೂ ಹೀಗೇ ಆಗಿದೆ, ಕೆಳಗಿಳಿದಾಗಲೂ ಹೀಗೇ ಆಗಿದೆ.

ಔಷಧ ಏನು ಮಾಡುತ್ತದೆ

ಐವತ್ತರ ಆಸುಪಾಸಿನಲ್ಲಿ ಅಂಡಾಶಯಗಳು ಈಸ್ಟ್ರೋಜೆನ್ ಎಂಬ ಹಾರ್ಮೋನ್ ತಯಾರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತವೆ. ಆಗ ಮೈ ಇದ್ದಕ್ಕಿದ್ದಂತೆ ಬಿಸಿಯೇರುತ್ತದೆ, ಬೆವರುತ್ತದೆ. ನಿದ್ದೆ ಕೆಡುತ್ತದೆ. ಯೋನಿ ಒಣಗುತ್ತದೆ. ಮೂಳೆ ಬೇಗ ಬೇಗ ಸವೆಯತೊಡಗುತ್ತದೆ. ಎಲ್ಲರಿಗೂ ಎಲ್ಲವೂ ಆಗುವುದಿಲ್ಲ. ಕೆಲವರಿಗೆ ಏನೂ ಗೊತ್ತೇ ಆಗುವುದಿಲ್ಲ, ಇನ್ನು ಕೆಲವರಿಗೆ ಕೆಲಸ ಮಾಡುವುದೇ ಕಷ್ಟವಾಗುತ್ತದೆ. "ಒಂದೆರಡು ವರ್ಷ ತಡೆದುಕೋ, ತಾನೇ ಹೋಗುತ್ತೆ" ಎನ್ನುವವರಿದ್ದಾರಲ್ಲ, ಅವರಿಗೆ ಒಂದು ಮಾಹಿತಿ. ಅಮೆರಿಕದಲ್ಲಿ ಸ್ವಾನ್ ಎಂಬ ದೀರ್ಘ ಅಧ್ಯಯನ ನಡೆದಿದೆ. ಅದರಲ್ಲಿ ಪದೇ ಪದೇ ಮೈ ಬಿಸಿಯೇರುತ್ತಿದ್ದವರನ್ನು ನೋಡಿದಾಗ, ಅರ್ಧದಷ್ಟು ಜನರಿಗೆ ಈ ತೊಂದರೆ 7.4 ವರ್ಷಕ್ಕಿಂತ ಹೆಚ್ಚು ಕಾಲ ಇತ್ತು.

ಈಸ್ಟ್ರೋಜೆನ್ ಹೊರಗಿನಿಂದ ಕೊಟ್ಟರೆ ಈ ತೊಂದರೆಗಳು ಇಳಿಯುತ್ತವೆ. ಮೈ ಬಿಸಿಯೇರುವ ಸಲಗಳು ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಿಗೆ ಹೋಲಿಸಿದರೆ ಮುಕ್ಕಾಲು ಪಾಲು ಕಡಿಮೆಯಾಗುತ್ತವೆ. ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡುವಂತಿಲ್ಲ, ಜೊತೆಗೆ ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನ್ ಅಥವಾ ಅದರಂಥ ಔಷಧ ಬೇಕು. ಯಾಕೆ ಎನ್ನುವುದು ಮುಂದೆ ಬರುತ್ತದೆ. ಇಷ್ಟರಲ್ಲಿ ಯಾವ ಕಾಲಕ್ಕೂ ದೊಡ್ಡ ಜಗಳವಿರಲಿಲ್ಲ. 2002ರ ನಂತರವೂ ಇರಲಿಲ್ಲ. ಜಗಳ ಇದ್ದದ್ದು ಇದರಾಚೆಯ ಆಸೆಗಳ ಮೇಲೆ.

ಮೊದಲ ಏರಿಳಿತ

ಗರ್ಭಿಣಿ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಮಾತ್ರೆ ಪ್ರೆಮರಿನ್‌ಗೆ ಅಮೆರಿಕದಲ್ಲಿ 1942ರಲ್ಲಿ ಒಪ್ಪಿಗೆ ಸಿಕ್ಕಿತು. 1960ರ ದಶಕದಲ್ಲಿ ಅದನ್ನು ಮಾರಿದ ರೀತಿಯೇ ಬೇರೆ. ಮುಟ್ಟು ನಿಲ್ಲುವುದು ಒಂದು ಕೊರತೆಯ ಕಾಯಿಲೆ, ಮಾತ್ರೆ ನುಂಗಿದರೆ ಯೌವನ ಉಳಿಯುತ್ತದೆ ಎಂದು ವೈದ್ಯರೇ ಬರೆದರು. ಆ ಮಾತಿಗೆ ಆಧಾರವಾಗಿ ಗಟ್ಟಿಯಾದ ಪ್ರಯೋಗ ಒಂದೂ ಇರಲಿಲ್ಲ. ಮಾರಾಟ ಮಾತ್ರ ಚೆನ್ನಾಗಿ ಏರಿತು.

1975ರ ಕೊನೆಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಎರಡು ಅಧ್ಯಯನಗಳು ಒಟ್ಟಿಗೆ ಬಂದವು. ಈಸ್ಟ್ರೋಜೆನ್ ತೆಗೆದುಕೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಜಾಸ್ತಿ ಎಂದವು ಅವು. ಬಳಕೆ ಕುಸಿಯಿತು. ಮುಂದೆ ಪ್ರೊಜೆಸ್ಟೆರಾನ್ ಜಾತಿಯ ಔಷಧವನ್ನು ಜೊತೆಗೆ ಕೊಟ್ಟರೆ ಒಳಪದರ ಬೆಳೆಯದೆ ಈ ಅಪಾಯ ತಪ್ಪುತ್ತದೆ ಎಂದು ತಿಳಿಯಿತು. ಬಳಕೆ ಮತ್ತೆ ಚಿಗುರಿತು. ಈ ಸಲದ ಇಳಿತಕ್ಕೆ ಕಾರಣ ನ್ಯಾಯವಾದದ್ದೇ. ಅಪಾಯ ದೊಡ್ಡದಿತ್ತು, ನೇರವಾಗಿತ್ತು, ಪರಿಹಾರವೂ ಸಿಕ್ಕಿತು. ಸಂಶೋಧನೆ ಬಳಕೆಯನ್ನು ತಿದ್ದಬೇಕಾದ್ದು ಹೀಗೆಯೇ.

ಆಮೇಲೆ ಬಂತು ನೋಡಿ, ಹೃದಯದ ವಿಷಯ.

ಹೃದಯ ಕಾಯುವ ಮಾತ್ರೆ

ಅಮೆರಿಕದಲ್ಲಿ 1976ರಲ್ಲಿ ಶುರುವಾದ ನರ್ಸಸ್ ಹೆಲ್ತ್ ಸ್ಟಡಿ ಸಾವಿರಾರು ನರ್ಸುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಹಾರ್ಮೋನ್ ತೆಗೆದುಕೊಳ್ಳುವವರಲ್ಲಿ ಹೃದಯಾಘಾತ ಸುಮಾರು ಅರ್ಧದಷ್ಟು ಎಂದು 1991ರಲ್ಲಿ ಅದು ವರದಿ ಮಾಡಿತು. ಇಂಥ ಬೇರೆ ಅಧ್ಯಯನಗಳೂ ಅದೇ ದಿಕ್ಕಿನಲ್ಲಿ ಇದ್ದವು. ಮುಟ್ಟು ನಿಲ್ಲುವವರೆಗೆ ಹೆಂಗಸರಿಗೆ ಹೃದ್ರೋಗ ಕಡಿಮೆ, ನಿಂತ ಮೇಲೆ ಜಾಸ್ತಿ. ಹಾಗಾದರೆ ಕಾಯುತ್ತಿದ್ದದ್ದು ಈಸ್ಟ್ರೋಜೆನ್ನೇ ಇರಬೇಕು ಎಂಬ ತರ್ಕವೂ ಸುಲಭವಾಗಿ ಒಪ್ಪುವಂಥದ್ದು. 1992ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಘ ಒಂದು ಮಾರ್ಗಸೂಚಿ ಹೊರಡಿಸಿತು. ಮುಟ್ಟು ನಿಂತ ಎಲ್ಲ ಹೆಂಗಸರೂ ರೋಗ ತಡೆಗಟ್ಟಲು ಹಾರ್ಮೋನ್ ಬಗ್ಗೆ ಯೋಚಿಸಬೇಕು ಎಂಬುದು ಅದರ ಸಾರ. 1999ರ ಹೊತ್ತಿಗೆ ಅಮೆರಿಕದಲ್ಲಿ ವರ್ಷಕ್ಕೆ 9 ಕೋಟಿ ಹಾರ್ಮೋನ್ ಔಷಧ ಚೀಟಿಗಳನ್ನು ಬರೆಯಲಾಗುತ್ತಿತ್ತು. ತೆಗೆದುಕೊಳ್ಳುವವರು ಸುಮಾರು ಒಂದೂವರೆ ಕೋಟಿ.

ಇಲ್ಲಿ ಸದ್ದಿಲ್ಲದೆ ಆದ ಬದಲಾವಣೆ ಏನೆಂದರೆ, ಔಷಧದ ಉದ್ದೇಶವೇ ಬೇರೆಯಾಯಿತು. ಐವತ್ತೊಂದರ ಹೆಂಗಸಿಗೆ ನಿದ್ದೆ ಬರಲೆಂದು ಕೊಡುತ್ತಿದ್ದ ಔಷಧವನ್ನು ಅರವತ್ತೈದರ ಹೆಂಗಸಿಗೆ ಹೃದಯ ಗಟ್ಟಿಯಿರಲೆಂದು ಕೊಡತೊಡಗಿದರು. ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಆರೋಗ್ಯವಂತರಿಗೆ ವರ್ಷಾನುಗಟ್ಟಲೆ ಕೊಡುವ ಔಷಧಕ್ಕೆ ಆಧಾರ ತುಂಬಾ ಗಟ್ಟಿಯಿರಬೇಕು, ಅಲ್ವಾ? ಇರಲಿಲ್ಲ. ಇದ್ದದ್ದು, ತಾವಾಗಿ ಯಾರಿಗೂ ಔಷಧ ಹಂಚದೆ, ಜನರನ್ನು ಗಮನಿಸಿ ಬರೆದ ಅಧ್ಯಯನಗಳು ಮಾತ್ರ.

ಅಂಥ ಅಧ್ಯಯನದ ದೌರ್ಬಲ್ಯ ಯಾವುದೆಂದರೆ, ಮಾತ್ರೆ ತೆಗೆದುಕೊಳ್ಳುವವರೂ ತೆಗೆದುಕೊಳ್ಳದವರೂ ಮೊದಲೇ ಬೇರೆ ಬೇರೆ ಬಗೆಯ ಜನ. ಆ ಕಾಲದಲ್ಲಿ ಹಾರ್ಮೋನ್ ತೆಗೆದುಕೊಳ್ಳುತ್ತಿದ್ದವರು ಸಾಮಾನ್ಯವಾಗಿ ಹೆಚ್ಚು ಓದಿದವರು, ಅನುಕೂಲಸ್ಥರು, ಆಗಾಗ ವೈದ್ಯರಲ್ಲಿ ತೋರಿಸಿಕೊಳ್ಳುವವರು. ವ್ಯಾಯಾಮ ಮಾಡುವವರು, ಸಿಗರೇಟಿನಿಂದ ದೂರ ಇರುವವರೂ ಅವರಲ್ಲಿ ಜಾಸ್ತಿ. ಅವರ ಹೃದಯ ಚೆನ್ನಾಗಿದ್ದರೆ ಅದರ ಯಶಸ್ಸು ಎಷ್ಟು ಮಾತ್ರೆಯದು, ಎಷ್ಟು ಅವರ ಬದುಕಿನದು? ಲೆಕ್ಕದಲ್ಲಿ ಇದನ್ನು ಸರಿದೂಗಿಸಲು ಸಂಶೋಧಕರು ಪ್ರಯತ್ನಿಸುತ್ತಾರೆ. ಪೂರ್ತಿ ಆಗುವುದಿಲ್ಲ.

1998ರಲ್ಲಿ ಮೊದಲ ಎಚ್ಚರಿಕೆ ಬಂತು. ಹೃದ್ರೋಗ ಮೊದಲೇ ಇದ್ದ 2,763 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಹಾರ್ಮೋನ್, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟ ಹರ್ಸ್ ಎಂಬ ಪ್ರಯೋಗ ಅದು. ನಾಲ್ಕು ವರ್ಷದಲ್ಲಿ ಒಟ್ಟಾರೆ ಲಾಭ ಕಾಣಲಿಲ್ಲ. ಮೊದಲ ವರ್ಷವಂತೂ ಹಾರ್ಮೋನ್ ಗುಂಪಿನಲ್ಲೇ ಹೃದಯದ ತೊಂದರೆಗಳು ಜಾಸ್ತಿ. ಆದರೆ ವೈದ್ಯರು ಬರೆಯುವ ಔಷಧ ಚೀಟಿಗಳ ಸಂಖ್ಯೆ ಇಳಿಯಲಿಲ್ಲ, 2002ರ ನಡುವಿನವರೆಗೂ ಹಾಗೇ ನಿಂತಿತ್ತು. "ಅದು ಮೊದಲೇ ಹೃದ್ರೋಗ ಇದ್ದವರ ಕಥೆ, ನಮ್ಮದಲ್ಲ" ಎಂದು ತಳ್ಳಿಹಾಕುವುದು ಸುಲಭವಾಗಿತ್ತು. ಗಮನಿಸಿ: ಬೇಡದ ಫಲಿತಾಂಶ ಬಂದಾಗ "ಯಾರ ಮೇಲೆ ಪ್ರಯೋಗ ನಡೆಯಿತು" ಎಂಬ ಪ್ರಶ್ನೆ ಎಲ್ಲರಿಗೂ ನೆನಪಾಯಿತು. ನಾಲ್ಕು ವರ್ಷದ ನಂತರ ಆ ಪ್ರಶ್ನೆ ನಿಜವಾಗಿ ಬೇಕಾದಾಗ ಕೇಳಿದವರು ಕಡಿಮೆ.

2002ರ ಜುಲೈ

ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಮೆರಿಕ ಸರ್ಕಾರದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಕೈಗೆತ್ತಿಕೊಂಡ ಯೋಜನೆ. ಒಟ್ಟು 1,61,808 ಹೆಂಗಸರು ಅದರಲ್ಲಿದ್ದರು. ಅದರ ಒಂದು ಭಾಗವೇ ಹಾರ್ಮೋನ್ ಪ್ರಯೋಗ. ಗರ್ಭಕೋಶ ಇದ್ದ 16,608 ಮಂದಿಯಲ್ಲಿ ಕೆಲವರಿಗೆ ಕುದುರೆ ಮೂಲದ ಈಸ್ಟ್ರೋಜೆನ್ ಮತ್ತು ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಸೇರಿದ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ. ಪ್ರೊಜೆಸ್ಟೆರಾನ್‌ಗೆ ಬದಲಾಗಿ ಪ್ರಯೋಗಾಲಯದಲ್ಲಿ ತಯಾರಿಸುವ ಔಷಧ ಈ ಮೆಡ್ರಾಕ್ಸಿಪ್ರೊಜೆಸ್ಟೆರಾನ್. ಹೆಂಗಸರ ವಯಸ್ಸು 50ರಿಂದ 79. ಸರಾಸರಿ 63.

ಈ 63 ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅಷ್ಟು ವಯಸ್ಸಾದವರನ್ನು ಬೇಕೆಂದೇ ಆರಿಸಿದ್ದರು. ಪ್ರಯೋಗದ ಪ್ರಶ್ನೆ "ಹಾರ್ಮೋನ್ ಹೃದ್ರೋಗ ತಡೆಯುತ್ತದೆಯೇ" ಎಂದಿತ್ತು. ಐವತ್ತರಲ್ಲಿ ಹೃದಯಾಘಾತವೇ ಅಪರೂಪ. ಅಂಥವರನ್ನೇ ಸೇರಿಸಿದ್ದರೆ ಉತ್ತರಕ್ಕೆ ಹಲವು ದಶಕ ಕಾಯಬೇಕಾಗುತ್ತಿತ್ತು. ಮೈ ಬಿಸಿಯೇರಿ ತೀರಾ ಒದ್ದಾಡುತ್ತಿದ್ದವರು ಇಂಥ ಪ್ರಯೋಗಕ್ಕೆ ಒಗ್ಗುವವರೂ ಅಲ್ಲ. ತಮಗೆ ಸಿಕ್ಕಿದ್ದು ಹುಸಿ ಮಾತ್ರೆ ಎಂದು ಅವರಿಗೆ ಬೇಗನೆ ತಿಳಿದುಬಿಡುತ್ತದೆ. ಹೀಗಾಗಿ ಹಾರ್ಮೋನ್ ಚಿಕಿತ್ಸೆ ಯಾರಿಗೆ ಬೇಕೋ ಅವರೇ ಆ ಪ್ರಯೋಗದಲ್ಲಿ ಕಡಿಮೆ ಇದ್ದರು.

ಎಂಟೂವರೆ ವರ್ಷ ನಡೆಯಬೇಕಿದ್ದದ್ದನ್ನು ಸರಾಸರಿ 5.2 ವರ್ಷಕ್ಕೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಮೊದಲೇ ಗೊತ್ತುಮಾಡಿದ್ದ ಗಡಿ ದಾಟಿತ್ತು, ಒಟ್ಟಾರೆ ಲೆಕ್ಕದಲ್ಲಿ ಲಾಭಕ್ಕಿಂತ ಹಾನಿ ಮುಂದಿತ್ತು. ವೈದ್ಯಕೀಯ ಪತ್ರಿಕೆಯ ಸಂಚಿಕೆ ಜುಲೈ 17ರದು. ಸುದ್ದಿ ಹೊರಬಂದದ್ದು ಜುಲೈ 9ಕ್ಕೆ. ಅನೇಕ ವೈದ್ಯರಿಗೆ ಪ್ರಬಂಧ ಓದುವ ಮೊದಲೇ ರೋಗಿಗಳಿಂದ ಫೋನು ಬರತೊಡಗಿತು. ಆ ವೈದ್ಯರಿಗೂ ಟಿವಿಯವರು ಹೇಳಿದ್ದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಟಿವಿಯವರು ಹೇಳಿದ್ದು: ಸ್ತನ ಕ್ಯಾನ್ಸರ್ ಶೇಕಡಾ 26 ಜಾಸ್ತಿ, ಹೃದ್ರೋಗ ಶೇಕಡಾ 29, ಪಾರ್ಶ್ವವಾಯು ಶೇಕಡಾ 41. ಕೇಳಿದ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ನೂರು ಜನ ಮಾತ್ರೆ ನುಂಗಿದರೆ 26 ಜನರಿಗೆ ಕ್ಯಾನ್ಸರ್ ಎಂದೇ ಎಷ್ಟೋ ಜನ ಅರ್ಥ ಮಾಡಿಕೊಂಡರು.

ಅದೇ ಪ್ರಬಂಧದಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಹುಸಿ ಮಾತ್ರೆಯ ಗುಂಪಿನಲ್ಲಿ ವರ್ಷಕ್ಕೆ 10,000 ಹೆಂಗಸರಲ್ಲಿ 30 ಮಂದಿಗೆ ಸ್ತನ ಕ್ಯಾನ್ಸರ್ ಬಂದರೆ, ಹಾರ್ಮೋನ್ ಗುಂಪಿನಲ್ಲಿ 38 ಮಂದಿಗೆ. ಅಂದರೆ 10,000ಕ್ಕೆ 8 ಜಾಸ್ತಿ. ಹೃದ್ರೋಗ 7 ಜಾಸ್ತಿ, ಪಾರ್ಶ್ವವಾಯು 8, ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗಿ ಸಿಕ್ಕಿಕೊಳ್ಳುವುದು 8. ಇನ್ನೊಂದು ಕಡೆ ದೊಡ್ಡ ಕರುಳಿನ ಕ್ಯಾನ್ಸರ್ 6 ಕಡಿಮೆ, ಸೊಂಟದ ಮೂಳೆ ಮುರಿತ 5 ಕಡಿಮೆ. ಒಟ್ಟು ಸಾವಿನಲ್ಲಿ ವ್ಯತ್ಯಾಸ ಇರಲಿಲ್ಲ. ಎರಡೂ ಲೆಕ್ಕ ನಿಜವೇ. ಎರಡರಿಂದ ಹುಟ್ಟುವ ಭಯ ಮಾತ್ರ ಒಂದೇ ಅಳತೆಯದಲ್ಲ.

ಹಾಗಂತ 10,000ಕ್ಕೆ 8 ಎಂಬುದನ್ನು ಕೈಬೀಸಿ ತಳ್ಳಿಹಾಕುವವರೂ ಇದ್ದಾರೆ. ಅದೂ ಸರಿಯಲ್ಲ. ಅದು ಒಂದು ವರ್ಷದ ಲೆಕ್ಕ. ಲಕ್ಷಾಂತರ ಜನ, ಹತ್ತಾರು ವರ್ಷ, ಅದೂ ಯಾವ ತೊಂದರೆಯೂ ಇಲ್ಲದವರು ರೋಗ ತಡೆಯಲೆಂದು ನುಂಗುವ ಮಾತ್ರೆ ಅದು. ಆ ಬಳಕೆಗೆ 2002ರ ಪ್ರಯೋಗ ಸರಿಯಾದ ಉತ್ತರವನ್ನೇ ಕೊಟ್ಟಿತು: ಹೃದಯ ಕಾಯಲು ಇದನ್ನು ತೆಗೆದುಕೊಳ್ಳಬೇಡಿ. ಉತ್ತರ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು.

ನಿಲ್ಲಲಿಲ್ಲ

ಪ್ರಯೋಗದಲ್ಲಿದ್ದ ಜೋಡಿ ಮಾತ್ರೆಯ ಚೀಟಿಗಳು ಅಮೆರಿಕದಲ್ಲಿ ಒಂದೇ ವರ್ಷದೊಳಗೆ ಶೇಕಡಾ 66ರಷ್ಟು ಬಿದ್ದವು. ವಿಚಿತ್ರ ಏನೆಂದರೆ, ಪ್ರೊಜೆಸ್ಟೆರಾನ್ ಇಲ್ಲದ ಈಸ್ಟ್ರೋಜೆನ್ ಮಾತ್ರೆಯೂ ಶೇಕಡಾ 33ರಷ್ಟು ಬಿತ್ತು. ಆ ಮಾತ್ರೆಯ ಪ್ರಯೋಗ ಆಗಿನ್ನೂ ನಡೆಯುತ್ತಲೇ ಇತ್ತು, ಅದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ. 2003ರಲ್ಲಿ ಬ್ರಿಟನ್ನಿನ ಮಿಲಿಯನ್ ವಿಮೆನ್ ಸ್ಟಡಿ, ಜೋಡಿ ಚಿಕಿತ್ಸೆಯಲ್ಲಿ ಇರುವವರಿಗೆ ಸ್ತನ ಕ್ಯಾನ್ಸರ್ ಸುಮಾರು ಎರಡು ಪಟ್ಟು ಎಂದಿತು. ಅಲ್ಲೂ ಬಳಕೆ ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿಯಿತು.

2003ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೆನೋಪಾಸಿಗೆ ಕೊಡುವ, ಈಸ್ಟ್ರೋಜೆನ್ ಇರುವ ಎಲ್ಲ ಔಷಧಗಳ ಮೇಲೂ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದರೆ ತನ್ನ ಅತಿ ಗಂಭೀರ ಎಚ್ಚರಿಕೆ, ಹಾಕಿಸಿತು. ಎಲ್ಲ ಅಂದರೆ ಎಲ್ಲ. ಯೋನಿಗೆ ಹಚ್ಚುವ ಕಡಿಮೆ ಪ್ರಮಾಣದ ಕ್ರೀಮಿನ ಮೇಲೂ. ಅದರಿಂದ ರಕ್ತಕ್ಕೆ ಸೇರುವ ಈಸ್ಟ್ರೋಜೆನ್ ತೀರಾ ಅಲ್ಪ. ಆದರೂ ಡಬ್ಬಿ ತೆರೆದು ಕಾಗದ ಬಿಡಿಸಿದರೆ ಪಾರ್ಶ್ವವಾಯು, ಕ್ಯಾನ್ಸರ್, ಬುದ್ಧಿ ಮಂಕಾಗುವ ಕಾಯಿಲೆ ಎಂದು ಬರೆದಿರುತ್ತಿತ್ತು. ಓದಿದ ಹೆಂಗಸು ಡಬ್ಬಿ ಮುಚ್ಚಿಟ್ಟರೆ ತಪ್ಪು ಅವಳದಲ್ಲ. ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತಿದ್ದವರು, ಸಂಭೋಗ ನೋವಾಗುತ್ತಿದ್ದವರು, ಸುಲಭದ ಪರಿಹಾರ ಇದ್ದೂ ಸುಮ್ನೆ ಸಹಿಸಿಕೊಂಡರು. ಈ ಇಡೀ ಚರಿತ್ರೆಯಲ್ಲಿ ನನಗೆ ತೀರಾ ಅನ್ಯಾಯ ಅನ್ನಿಸುವುದು ಇದೇ.

ಇನ್ನೊಂದು ಗುಂಪಿಗೂ ಪೆಟ್ಟು ಬಿತ್ತು. ನಲವತ್ತಕ್ಕೂ ಮೊದಲೇ ಮುಟ್ಟು ನಿಂತವರು, ಆಪರೇಷನ್‌ನಲ್ಲಿ ಎರಡೂ ಅಂಡಾಶಯ ತೆಗೆಸಿಕೊಂಡವರು. ಇವರಿಗೆ ಹಾರ್ಮೋನ್ ಕೊಡುವುದು ದೇಹಕ್ಕೆ ಆ ವಯಸ್ಸಿನಲ್ಲಿ ಇರಬೇಕಾದ್ದನ್ನು ತುಂಬಿಕೊಟ್ಟಂತೆ. ಕೊಡದಿದ್ದರೆ ಮೂಳೆಗೂ ಹೃದಯಕ್ಕೂ ಹೆಚ್ಚು ಹಾನಿ. 50 ದಾಟಿದವರ ಪ್ರಯೋಗಕ್ಕೂ ಇವರಿಗೂ ಏನೂ ಸಂಬಂಧವಿಲ್ಲ. ಭಯ ಇವರನ್ನೂ ಬಿಡಲಿಲ್ಲ.

ಔಷಧ ಬಿಟ್ಟವರ ತೊಂದರೆ ಎಲ್ಲಿಗೆ ಹೋಗುತ್ತದೆ? ಕೆಲವರು ಖಿನ್ನತೆಯ ಮಾತ್ರೆಗಳಿಂದ ಸ್ವಲ್ಪ ಸಮಾಧಾನ ಕಂಡರು. ಕೆಲವರು "ನೈಸರ್ಗಿಕ", "ಬಯೋಐಡೆಂಟಿಕಲ್" ಎಂಬ ಹೆಸರಿನಲ್ಲಿ ಔಷಧ ಅಂಗಡಿಯವರೇ ಬೆರೆಸಿಕೊಡುವ ಹಾರ್ಮೋನ್ ಕ್ರೀಮುಗಳ ಕಡೆ ತಿರುಗಿದರು. ಅವೂ ಹಾರ್ಮೋನುಗಳೇ. ಆದರೆ ಅವುಗಳಿಗೆ ಕಾರ್ಖಾನೆಯ ಔಷಧಗಳಿಗಿರುವ ಪರೀಕ್ಷೆಯೂ ಇಲ್ಲ, ಎಚ್ಚರಿಕೆಯ ಚೀಟಿಯೂ ಇಲ್ಲ. ಎಚ್ಚರಿಕೆ ಇಲ್ಲದ್ದನ್ನು ಜನ ಅಪಾಯ ಇಲ್ಲದ್ದು ಎಂದುಕೊಂಡರು. ಇವುಗಳ ಪ್ರಯೋಜನಕ್ಕೆ ಸಾಕಷ್ಟು ಪುರಾವೆಯೇ ಇಲ್ಲ ಎಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2020ರಲ್ಲಿ ಸ್ಪಷ್ಟವಾಗಿ ಹೇಳಿದವು.

ಭಯದಿಂದ ಒಳ್ಳೆಯದೇನೂ ಆಗಲೇ ಇಲ್ಲವೇ? ಆಗಿರಬಹುದು. 2003ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಪ್ರಮಾಣ ಹಿಂದಿನ ವರ್ಷಕ್ಕಿಂತ ಶೇಕಡಾ 6.7 ಇಳಿಯಿತು. ಹಾರ್ಮೋನ್ ಬಳಕೆ ನಿಂತದ್ದೇ ಇದಕ್ಕೆ ಮುಖ್ಯ ಕಾರಣ ಎಂದು ಅನೇಕ ಸಂಶೋಧಕರು ವಾದಿಸಿದರು. ಮ್ಯಾಮೊಗ್ರಾಂ ಎಂಬ ಸ್ತನದ ಎಕ್ಸ್‌ರೇ ಪರೀಕ್ಷೆ ಕಡಿಮೆಯಾದದ್ದೂ ಕಾರಣ ಎಂದು ಇನ್ನು ಕೆಲವರು. ಇದನ್ನು ಮರೆಮಾಚಿ "2002 ಬರೀ ಅನಾಹುತ" ಎಂದು ಬರೆಯುವವರನ್ನು ನಾನು ಪೂರ್ತಿ ನಂಬುವುದಿಲ್ಲ.

ತಿದ್ದುಪಡಿಗಳು ಬಂದವು, ಯಾರೂ ಕೇಳಲಿಲ್ಲ

2004ರಲ್ಲಿ ಎರಡನೇ ಪ್ರಯೋಗದ ಫಲಿತಾಂಶ ಬಂತು. ಗರ್ಭಕೋಶ ತೆಗೆಸಿಕೊಂಡಿದ್ದ 10,739 ಹೆಂಗಸರಲ್ಲಿ ಈಸ್ಟ್ರೋಜೆನ್ ಒಂದನ್ನೇ ಪರೀಕ್ಷಿಸಿದ ಪ್ರಯೋಗ ಅದು. ಪಾರ್ಶ್ವವಾಯು ಇಲ್ಲೂ ಜಾಸ್ತಿ. ಹೃದ್ರೋಗ ಹೆಚ್ಚಲಿಲ್ಲ. ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ, ಬದಲಿಗೆ ಕಡಿಮೆಯಾಗುವ ಲಕ್ಷಣವಿತ್ತು. 2020ರಲ್ಲಿ ಅದೇ ಹೆಂಗಸರ ಸುಮಾರು ಇಪ್ಪತ್ತು ವರ್ಷದ ಲೆಕ್ಕ ಬಂದಾಗ ಅದು ಖಚಿತವಾಯಿತು. ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಶೇಕಡಾ 22 ಕಡಿಮೆ, ಅದರಿಂದ ಸಾವು ಶೇಕಡಾ 40 ಕಡಿಮೆ. ಜೋಡಿ ಮಾತ್ರೆಯವರಲ್ಲಿ ಕ್ಯಾನ್ಸರ್ ಜಾಸ್ತಿಯೇ ಇತ್ತು. ಸಾವಿನಲ್ಲಿ ಗಟ್ಟಿಯಾದ ವ್ಯತ್ಯಾಸ ಕಾಣಲಿಲ್ಲ.

2007ರಲ್ಲಿ ಅದೇ ಪ್ರಯೋಗದವರು ವಯಸ್ಸಿನ ಪ್ರಕಾರ ಲೆಕ್ಕ ಬಿಡಿಸಿ ನೋಡಿದರು. ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದವರಲ್ಲಿ ಹೃದ್ರೋಗ ಹೆಚ್ಚಿರಲಿಲ್ಲ. ಇಪ್ಪತ್ತು ವರ್ಷ ದಾಟಿದವರಲ್ಲಿ ಹೆಚ್ಚಿತ್ತು. ರಕ್ತನಾಳ ಇನ್ನೂ ಚೆನ್ನಾಗಿರುವಾಗ ಈಸ್ಟ್ರೋಜೆನ್ ಒಂದು ರೀತಿ ವರ್ತಿಸುತ್ತದೆ, ಒಳಗೆ ಕೊಬ್ಬು ಕಟ್ಟಿದ ಮೇಲೆ ಇನ್ನೊಂದು ರೀತಿ ಎಂಬುದು ಇದರ ಹಿಂದಿನ ವಿವರಣೆ. 2016ರಲ್ಲಿ 643 ಹೆಂಗಸರ ಎಲೀಟ್ ಪ್ರಯೋಗ ಇದಕ್ಕೆ ಬೆಂಬಲ ಕೊಟ್ಟಿತು. ಮುಟ್ಟು ನಿಂತು ಆರು ವರ್ಷದೊಳಗಿದ್ದವರಲ್ಲಿ ಕತ್ತಿನ ರಕ್ತನಾಳದ ಗೋಡೆ ದಪ್ಪವಾಗುವುದು ನಿಧಾನವಾಯಿತು. ಹತ್ತು ವರ್ಷ ಕಳೆದವರಲ್ಲಿ ಏನೂ ಆಗಲಿಲ್ಲ. ಹಾಗೆಂದು ಕುಣಿಯುವಂತೆಯೂ ಇಲ್ಲ. ಈಚೆಗೆ ಮುಟ್ಟು ನಿಂತವರ ಮೇಲೇ ನಡೆದ ಕೀಪ್ಸ್ ಎಂಬ ಇನ್ನೊಂದು ಪ್ರಯೋಗದಲ್ಲಿ ನಾಲ್ಕು ವರ್ಷವಾದರೂ ಅಂಥ ವ್ಯತ್ಯಾಸ ಕಾಣಲಿಲ್ಲ.

ಔಷಧದ ಬಗೆಯೂ ಮುಖ್ಯ ಎಂದು ತಿಳಿಯಿತು. ನುಂಗಿದ ಈಸ್ಟ್ರೋಜೆನ್ ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೇಲಿನ ಪ್ಯಾಚಿನಿಂದ ಬಂದದ್ದು ನೇರ ರಕ್ತಕ್ಕೆ ಸೇರುತ್ತದೆ. 2019ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಮಾತ್ರೆಯಿಂದ ಹೆಪ್ಪಿನ ಅಪಾಯ ಹೆಚ್ಚಿತ್ತು, ಪ್ಯಾಚಿನಿಂದ ಹೆಚ್ಚಿರಲಿಲ್ಲ. ಆದರೆ ಒಂದು ಮಾತು: ಇದೂ ಗಮನಿಸಿ ಬರೆದ ಅಧ್ಯಯನವೇ. 1991ರಲ್ಲಿ ನಮ್ಮನ್ನು ದಾರಿ ತಪ್ಪಿಸಿದ ಜಾತಿಯದೇ. ಇಲ್ಲಿ ಯಕೃತ್ತಿನ ಕಾರಣ ಸ್ಪಷ್ಟವಾಗಿರುವುದರಿಂದ, ಬೇರೆ ಬೇರೆ ಕಡೆ ಅದೇ ಫಲಿತಾಂಶ ಬಂದಿರುವುದರಿಂದ ನಂಬಿಕೆ ಸ್ವಲ್ಪ ಹೆಚ್ಚು.

ಕೆಟ್ಟ ಸುದ್ದಿಯೂ ನಿಲ್ಲಲಿಲ್ಲ. 2019ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ 58 ಅಧ್ಯಯನಗಳನ್ನು ಕೂಡಿಸಿ ನೋಡಿದ ವರದಿ ಬಂತು. 50ರಲ್ಲಿ ಶುರು ಮಾಡಿ ಐದು ವರ್ಷ ಈಸ್ಟ್ರೋಜೆನ್ ಜೊತೆ ದಿನವೂ ಪ್ರೊಜೆಸ್ಟೆರಾನ್ ಜಾತಿಯ ಔಷಧ ತೆಗೆದುಕೊಂಡರೆ, 69ರವರೆಗಿನ ಅವಧಿಯಲ್ಲಿ ಪ್ರತಿ 50 ಮಂದಿಯಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಸ್ತನ ಕ್ಯಾನ್ಸರ್ ಎಂದಿತು ಅದು. ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡರೆ 200ಕ್ಕೆ ಒಬ್ಬರು. ಅದೇ ಈಸ್ಟ್ರೋಜೆನ್ ಮಾತ್ರೆಗೆ ಪ್ರಯೋಗದಲ್ಲಿ ಕ್ಯಾನ್ಸರ್ ಕಡಿಮೆ ಎಂದು ಬಂದದ್ದು ನೆನಪಿದೆಯಲ್ಲ? ಎರಡೂ ಇನ್ನೂ ಪೂರ್ತಿ ಹೊಂದಿಕೊಂಡಿಲ್ಲ. ಗರ್ಭಕೋಶ ಇರುವವರಿಗೆ ಹೆಚ್ಚು ಕಾಲ ಕೊಡುವ ಜೋಡಿ ಚಿಕಿತ್ಸೆ ಸ್ತನ ಕ್ಯಾನ್ಸರನ್ನು ಸ್ವಲ್ಪ ಹೆಚ್ಚಿಸುತ್ತದೆ ಎಂಬುದರಲ್ಲಿ ಎರಡೂ ಕಡೆಯವರಿಗೆ ಒಪ್ಪಿಗೆಯಿದೆ.

ಇಷ್ಟೆಲ್ಲ ಆದರೂ ಬಳಕೆ ಅಲುಗಲಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲಿ ತೊಂದರೆ ಇರುವವರಿಗೆ ಹಾರ್ಮೋನ್ ಚಿಕಿತ್ಸೆ ಕೊಡಿ ಎಂದು ಮಾರ್ಗಸೂಚಿ ತಂದಿತು. ಅಮೆರಿಕದ ಮೆನೋಪಾಸ್ ತಜ್ಞರ ಸಂಘವೂ ಅದನ್ನೇ ಹೇಳುತ್ತ ಬಂತು. 60ರೊಳಗಿನವರು ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿನವರು, ಬೇರೆ ಅಡ್ಡಿಗಳಿಲ್ಲದವರು, ತೊಂದರೆ ಇರುವವರು: ಇವರಿಗೆ ಅಪಾಯಕ್ಕಿಂತ ಲಾಭ ಹೆಚ್ಚು ಎಂದು. ಅಮೆರಿಕದ ಸಂಖ್ಯೆ ಮಾತ್ರ ಮೇಲೇಳಲಿಲ್ಲ. ಯಾಕೆ?

ಒಂದು, 2002ರ ಸುದ್ದಿಗೆ ಸುದ್ದಿಗೋಷ್ಠಿ ಇತ್ತು. 2007ರ ಲೆಕ್ಕ ಪತ್ರಿಕೆಯ ಒಳಪುಟದ ಕೋಷ್ಟಕ. ಎರಡು, ಕಪ್ಪು ಚೌಕಟ್ಟು ಡಬ್ಬಿಯೊಳಗಿನ ಕಾಗದದ ಮೇಲೆ ಹಾಗೇ ಇತ್ತು. ಆಮೇಲೆ ಇನ್ನೊಂದು ಕಾರಣ, ನನ್ನ ಪ್ರಕಾರ ಇದೇ ಜಾಸ್ತಿ ತೂಕದ್ದು. ಚೀಟಿ ಬರೆಯುವ ಕೈಗಳೇ ಬದಲಾಗಿದ್ದವು. 2002ರ ನಂತರ ತರಬೇತಿ ಪಡೆದ ವೈದ್ಯರ ಇಡೀ ಒಂದು ತಲೆಮಾರು ಹಾರ್ಮೋನ್ ಬರೆಯುವುದನ್ನು ಕಲಿಯಲೇ ಇಲ್ಲ. ಎಷ್ಟು ಕೊಡಬೇಕು, ಯಾವ ಬಗೆಯದು, ಯಾವಾಗ ನಿಲ್ಲಿಸಬೇಕು ಎಂಬ ಅಭ್ಯಾಸ ಇಲ್ಲದವರು "ಬೇಡ" ಎನ್ನುವುದೇ ಸುಲಭ. ಕೊಟ್ಟು ಕ್ಯಾನ್ಸರ್ ಬಂದರೆ ವೈದ್ಯರನ್ನು ಕೇಳುತ್ತಾರೆ. ಕೊಡದೆ ಹೆಂಗಸು ಏಳು ವರ್ಷ ನಿದ್ದೆಗೆಟ್ಟರೆ ಯಾರೂ ಕೇಳುವುದಿಲ್ಲ.

ಈಗ ತಕ್ಕಡಿ ಮತ್ತೆ ವಾಲುತ್ತಿದೆ

ಬ್ರಿಟನ್ನಿನಲ್ಲಿ ಬಳಕೆಯನ್ನು ಮೇಲೆತ್ತಿದ್ದು ಹೊಸ ಪ್ರಯೋಗವಲ್ಲ, ಬಹುಮಟ್ಟಿಗೆ ಟಿವಿ. 2021ರ ಮೇ ತಿಂಗಳಲ್ಲಿ ನಿರೂಪಕಿ ಡವೀನಾ ಮೆಕಾಲ್ ತಮ್ಮ ಮೆನೋಪಾಸ್ ಬಗ್ಗೆ ಸಾಕ್ಷ್ಯಚಿತ್ರದಲ್ಲಿ ಮಾತಾಡಿದರು. ಬೇಡಿಕೆ ಹೇಗೆ ಏರಿತೆಂದರೆ 2022ರ ವಸಂತದಲ್ಲಿ ಜೆಲ್ ಸಿಗದೆ ಹೆಂಗಸರು ಒಬ್ಬರಿಗೊಬ್ಬರು ಹಂಚಿಕೊಳ್ಳುವ ಸ್ಥಿತಿ ಬಂತು. ಸರಬರಾಜು ನೋಡಿಕೊಳ್ಳಲು ಸರ್ಕಾರ ಪ್ರತ್ಯೇಕ ಅಧಿಕಾರಿಯನ್ನೇ ನೇಮಿಸಿತು. 2022–23ರಲ್ಲಿ ಇಂಗ್ಲೆಂಡಿನಲ್ಲಿ 1.1 ಕೋಟಿ ಹಾರ್ಮೋನ್ ಔಷಧಗಳ ಚೀಟಿ ಬರೆಯಲಾಯಿತು, ಹಿಂದಿನ ವರ್ಷಕ್ಕಿಂತ ಶೇಕಡಾ 47 ಹೆಚ್ಚು.

ಅಮೆರಿಕದಲ್ಲಿ 2025ರ ನವೆಂಬರ್‌ನಲ್ಲಿ ಎಫ್‌ಡಿಎ ಕಪ್ಪು ಚೌಕಟ್ಟಿನಿಂದ ಹೃದ್ರೋಗ, ಸ್ತನ ಕ್ಯಾನ್ಸರ್, ಬುದ್ಧಿ ಮಂಕಾಗುವ ಕಾಯಿಲೆಯ ಮಾತುಗಳನ್ನು ತೆಗೆಯುವುದಾಗಿ ಪ್ರಕಟಿಸಿತು. ಗರ್ಭಕೋಶ ಇರುವವರು ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡರೆ ಒಳಪದರದ ಕ್ಯಾನ್ಸರ್ ಬರಬಹುದೆಂಬ ಎಚ್ಚರಿಕೆ ಉಳಿಯಿತು. ಯೋನಿಯ ಕ್ರೀಮಿನ ಮಟ್ಟಿಗೆ ಇದು ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ. ಉಳಿದದ್ದರಲ್ಲಿ ಒಂದು ಆತಂಕ ಇದೆ. ಪ್ರಕಟಣೆಯ ಜೊತೆಗೆ, ಬೇಗ ಶುರು ಮಾಡಿದರೆ ಹೃದ್ರೋಗವೂ ಆಲ್ಝೈಮರ್ಸ್ ಕಾಯಿಲೆಯೂ ಗಣನೀಯವಾಗಿ ಕಡಿಮೆಯಾಗಬಹುದೆಂಬ ಮಾತುಗಳೂ ಬಂದವು. ಆ ಮಾತಿಗೆ ಆಧಾರ ಮತ್ತೆ ಅದೇ, ಗಮನಿಸಿ ಬರೆದ ಅಧ್ಯಯನಗಳು. ಮೆದುಳಿನ ವಿಷಯದಲ್ಲಿ ಚೀಟಿ ಎತ್ತಿ ನಡೆಸಿದ ಪ್ರಯೋಗಗಳು ಹೇಳುವುದೇ ಬೇರೆ. 65 ದಾಟಿ ಶುರು ಮಾಡಿದವರಲ್ಲಿ ಜೋಡಿ ಮಾತ್ರೆಯಿಂದ ಬುದ್ಧಿ ಮಂಕಾಗುವ ಕಾಯಿಲೆ ಎರಡು ಪಟ್ಟಾಯಿತು, 10,000ಕ್ಕೆ 22 ಇದ್ದದ್ದು 45 ಆಯಿತು. ಐವತ್ತರ ಆಸುಪಾಸಿನಲ್ಲಿ ಶುರು ಮಾಡಿದವರಲ್ಲಿ ನೆನಪಿನ ಶಕ್ತಿಗೆ ಹಾನಿಯೂ ಕಾಣಲಿಲ್ಲ, ಲಾಭವೂ ಕಾಣಲಿಲ್ಲ. ರೋಗ ತಡೆಯಲು ಹಾರ್ಮೋನ್ ಬೇಡ ಎಂದು ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆ 2022ರಲ್ಲೂ ಹೇಳಿದೆ.

ಅಂದರೆ 2002ರಲ್ಲಿ ಅರವತ್ಮೂರರವರ ಅಪಾಯವನ್ನು ಐವತ್ತರವರ ಮೇಲೆ ಹೊರಿಸಿದ್ದರು. ಈಗ ಐವತ್ತರವರ ನೆಮ್ಮದಿಯನ್ನು ಎಲ್ಲ ವಯಸ್ಸಿನವರ ದೀರ್ಘಾಯುಷ್ಯಕ್ಕೆ ಎಳೆಯುತ್ತಿದ್ದಾರೆ. ನಿದ್ದೆ ಕೆಟ್ಟ ಹೆಂಗಸಿಗೆ ನಿದ್ದೆ ಬರಲೆಂದು ಔಷಧ ಕೊಡಲು ಹೃದಯದ ನೆಪ ಯಾಕೆ ಬೇಕು? ಅವಳ ನಿದ್ದೆ ಅಷ್ಟು ಸಣ್ಣ ಕಾರಣವೇ?

ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆಗಿದ್ದವರು, ಯಕೃತ್ತಿನ ಕಾಯಿಲೆ ಇರುವವರು, ಕಾರಣ ತಿಳಿಯದೆ ರಕ್ತ ಹೋಗುತ್ತಿರುವವರಿಗೆ ಈ ಚಿಕಿತ್ಸೆ ಸಾಮಾನ್ಯವಾಗಿ ಆಗಿಬರುವುದಿಲ್ಲ. ಅಂಥವರಿಗೆ ಈಗ ಬೇರೆ ದಾರಿಗಳು ತೆರೆದಿವೆ. ಮೆದುಳಿನಲ್ಲಿ ಮೈ ಶಾಖ ನೋಡಿಕೊಳ್ಳುವ ಜಾಗದ ಮೇಲೆ ಕೆಲಸ ಮಾಡುವ, ಹಾರ್ಮೋನ್ ಅಲ್ಲದ ಫೆಜೊಲಿನೆಟಾಂಟ್ 2023ರಲ್ಲಿ ಬಂತು. ಮರುವರ್ಷವೇ ಅದಕ್ಕೂ ಯಕೃತ್ತಿನ ಬಗ್ಗೆ ಕಪ್ಪು ಚೌಕಟ್ಟು ಬಿತ್ತು. 2025ರಲ್ಲಿ ಅದೇ ಬಗೆಯ ಎಲಿಂಜನೆಟಾಂಟ್ ಬಂತು.

ಉಳಿದಿರುವುದು ಒಂದು ಪ್ರಯೋಗ. ಇಂದು ಐವತ್ತರ ಹೆಂಗಸಿಗೆ ಸಾಮಾನ್ಯವಾಗಿ ಬರೆದುಕೊಡುವುದು ಈಸ್ಟ್ರಡಯೋಲ್ ಎಂಬ ಈಸ್ಟ್ರೋಜೆನ್ನಿನ ಪ್ಯಾಚು ಇಲ್ಲವೇ ಜೆಲ್ಲು, ಜೊತೆಗೆ ದೇಹದ್ದೇ ರೂಪದ ಪ್ರೊಜೆಸ್ಟೆರಾನ್. ಈ ಜೋಡಿಯನ್ನು ಈಚೆಗೆ ಮುಟ್ಟು ನಿಂತ ಸಾವಿರಾರು ಹೆಂಗಸರಿಗೆ ಕೊಟ್ಟು, ಹೃದಯಾಘಾತ, ಕ್ಯಾನ್ಸರ್, ಮೂಳೆ ಮುರಿತ ಎಣಿಸುವವರೆಗೆ ಹಿಂಬಾಲಿಸಿದ 2002ರ ಗಾತ್ರದ ಪ್ರಯೋಗ ಒಂದೂ ನಡೆದಿಲ್ಲ. ಅದಕ್ಕೆ ಹದಿನೈದು ಇಪ್ಪತ್ತು ವರ್ಷ ಬೇಕು, ಅಪಾರ ಹಣ ಬೇಕು. ಔಷಧಗಳು ಹಳೆಯವು, ಪೇಟೆಂಟ್ ಮುಗಿದವು. ಹಾಗಾಗಿ ಕಂಪನಿಗಳಿಗೆ ಆಸಕ್ತಿಯಿಲ್ಲ, ಹಣ ಹಾಕುವುದಿದ್ದರೆ ಸರ್ಕಾರಗಳೇ ಹಾಕಬೇಕು. ಸದ್ಯ ವೈದ್ಯರು ಈ ಜೋಡಿಯ ಅಪಾಯವನ್ನು ಅಂದಾಜು ಮಾಡುತ್ತಿರುವುದು ಬೇರೆ ಔಷಧದ ಪ್ರಯೋಗದಿಂದ, ಬೇರೆ ವಯಸ್ಸಿನ ಹೆಂಗಸರ ಲೆಕ್ಕದಿಂದ, ಅದರ ಮೇಲೆ ಗಮನಿಸಿ ಬರೆದ ಅಧ್ಯಯನಗಳನ್ನು ಪೇರಿಸಿ.